ಮರಗಳ ನಡುವೆ ಡಿಸ್ಕ್ ಗಾಲ್ಫ್: ಮೊದಲ 20 ಮೀಟರಿನ ಆಟ

ಬಯಲಿನ ಕೋರ್ಸಿನಲ್ಲಿ 100 ಮೀಟರ್ ಎಸೆಯುವ ಆಟಗಾರರು ಕಾಡಿನ ಕೋರ್ಸಿಗೆ ಬಂದ ದಿನ, 60 ಮೀಟರ್ ನೆಟ್ಟಗೆ ಎಸೆಯುವವರ ಹಿಂದೆ ಬೀಳುವುದು ಅಪರೂಪವೇನಲ್ಲ. ತೋಳಿನ ಬಲ ಅಲ್ಲಿ ಅಷ್ಟಾಗಿ ಕೆಲಸಕ್ಕೆ ಬರುವುದಿಲ್ಲ. ಕೈಬಿಟ್ಟ ಡಿಸ್ಕ್ ಮೊದಲ 20 ಮೀಟರನ್ನು ಯಾವ ಮರಕ್ಕೂ ತಾಗದೆ ದಾಟಿದರೆ ಆ ಎಸೆತದ ಬಹುಪಾಲು ಕೆಲಸ ಮುಗಿದಂತೆ. ಅಲ್ಲೇ ಬಡಿದರೆ ಮುಂದಿನ ಒಂದೆರಡು ಎಸೆತಗಳು ಬರೀ ರಿಪೇರಿಗೆ ಖರ್ಚಾಗುತ್ತವೆ. ಈ ಬರಹದಲ್ಲಿ ಹೆಚ್ಚಿನ ಜಾಗವನ್ನು ಆ 20 ಮೀಟರಿಗೂ, ಅಲ್ಲಿ ಎಡವಿದ ಮೇಲೆ ಪೊದೆಯಿಂದ ಹೊರಬರುವ ದಾರಿಗೂ ಕೊಟ್ಟಿದ್ದೇನೆ.

ಆಟವನ್ನು ಈಗಷ್ಟೇ ಕೇಳುತ್ತಿರುವವರಿಗೆ ಎರಡೇ ಮಾತು. ಟೀ ಎಂಬ ಕಟ್ಟೆಯಿಂದ ತಟ್ಟೆಯಂಥ ಡಿಸ್ಕ್ ಎಸೆದು, ಅದು ಬಿದ್ದಲ್ಲಿಂದ ಮತ್ತೆ ಎಸೆಯುತ್ತಾ, ಸರಪಳಿ ತೂಗುಹಾಕಿದ ಬುಟ್ಟಿಗೆ ಆದಷ್ಟು ಕಡಿಮೆ ಎಸೆತಗಳಲ್ಲಿ ಹಾಕಬೇಕು. ಒಂದು ಟೀಯಿಂದ ಅದರ ಬುಟ್ಟಿಯವರೆಗಿನದು ಒಂದು ಹೋಲ್, ನಡುವಿನ ತೆರವಾದ ಹಾದಿ ಫೇರ್‌ವೇ, ಇಂಥ ಹೋಲುಗಳ ಸಾಲೇ ಕೋರ್ಸ್. 1975ರಲ್ಲಿ ಕ್ಯಾಲಿಫೋರ್ನಿಯಾದ ಓಕ್ ಗ್ರೋವ್ ಪಾರ್ಕಿನಲ್ಲಿ ಎಡ್ ಹೆಡ್ರಿಕ್ ಇದಕ್ಕೆಂದೇ ಮೊದಲ ಕೋರ್ಸ್ ರೂಪಿಸಿದರು. ಆಗ ಬುಟ್ಟಿ ಇರಲಿಲ್ಲ, ಕಂಬಗಳೇ ಗುರಿ. ಮರುವರ್ಷ ಅವರೇ ಹುಟ್ಟುಹಾಕಿದ ಪಿಡಿಜಿಎ (ಪ್ರೊಫೆಷನಲ್ ಡಿಸ್ಕ್ ಗಾಲ್ಫ್ ಅಸೋಸಿಯೇಷನ್) ಸಂಸ್ಥೆಯ ನಿಯಮಗಳೇ ಇಂದು ಎಲ್ಲೆಡೆ ನಡೆಯುತ್ತವೆ. ಅಮೆರಿಕದ ಮೇಪಲ್ ಹಿಲ್, ಐಡಲ್‌ವೈಲ್ಡ್, ನಾರ್ತ್‌ವುಡ್ ಬ್ಲ್ಯಾಕ್‌ನಂಥ ಕಾಡಿನ ಕೋರ್ಸುಗಳು ವೃತ್ತಿಪರರನ್ನೂ ಬೆವರಿಳಿಸುತ್ತವೆ. ಅಲ್ಲಿ ಅವರು ಮರಕ್ಕೆ ಬಡಿಯುವುದನ್ನು ನೋಡಿದರೆ ನಮಗೂ ಸ್ವಲ್ಪ ಧೈರ್ಯ ಬರುತ್ತದೆ.

ಇಲ್ಲಿನ ಎಡ, ಬಲಗಳೆಲ್ಲ ಬಲಗೈಯಲ್ಲಿ ಎಸೆಯುವವರ ಲೆಕ್ಕದ್ದು. ಎಡಗೈಯವರು ಅದಲುಬದಲು ಮಾಡಿಕೊಳ್ಳಲಿ.

ಚೀಲದಿಂದ ಏನನ್ನು ತೆಗೆಯಬೇಕು

ಮೊದಲ ಕೆಲಸ, ವೇಗದ ಡ್ರೈವರುಗಳನ್ನು, ಅಂದರೆ ದೂರ ಎಸೆಯಲೆಂದೇ ಮಾಡಿದ ಡಿಸ್ಕುಗಳನ್ನು, ಮನೆಯಲ್ಲೇ ಬಿಡುವುದು. ಡಿಸ್ಕಿನ ಮೇಲೆ ಸಾಮಾನ್ಯವಾಗಿ ನಾಲ್ಕು ಅಂಕಿಗಳಿರುತ್ತವೆ: ವೇಗ, ತೇಲುವಿಕೆ, ಆರಂಭದ ಹೊರಳು, ಕೊನೆಯ ಬಾಗು. ಮೂರನೆಯ ಅಂಕಿ ಸೊನ್ನೆಗಿಂತ ಕೆಳಗಿದ್ದಷ್ಟೂ ಬ್ಯಾಕ್‌ಹ್ಯಾಂಡ್ ಎಸೆತ (ಕೈಯನ್ನು ಎದೆಗೆ ಅಡ್ಡವಾಗಿ ಹಿಂದೆಳೆದು ಎಸೆಯುವುದು) ಆರಂಭದಲ್ಲಿ ಬಲಕ್ಕೆ ಹೊರಳುತ್ತದೆ. ನಾಲ್ಕನೆಯದು ಹೆಚ್ಚಿದ್ದಷ್ಟೂ ವೇಗ ಇಳಿದಾಗ ಎಡಕ್ಕೆ ಜೋರಾಗಿ ಬಾಗುತ್ತದೆ. ಅಂಕಿ ಹಾಕಿದವರು ಒಂದು ಮಾತನ್ನು ಅಲ್ಲಿ ಬರೆದಿರುವುದಿಲ್ಲ: ಈ ವರ್ತನೆ ಆ ಡಿಸ್ಕಿಗೆ ಬೇಕಾದ ವೇಗ ಸಿಕ್ಕಾಗ ಮಾತ್ರ. 12ರ ವೇಗದ ಡ್ರೈವರನ್ನು ಅರ್ಧ ಬಲದಲ್ಲಿ ಎಸೆದರೆ ಅದು ನೆಟ್ಟಗೆ ಹೋಗುವುದೇ ಇಲ್ಲ, ಹೊರಟ ಸ್ವಲ್ಪ ಹೊತ್ತಿಗೇ ಎಡಕ್ಕೆ ವಾಲುತ್ತದೆ. ಕಾಡಿನಲ್ಲಿ ಪೂರ್ತಿ ಬಲ ಹಾಕಲು ಧೈರ್ಯ ಬರುವುದಿಲ್ಲ, ಅರ್ಧ ಬಲಕ್ಕೆ ಡಿಸ್ಕ್ ಒಗ್ಗುವುದಿಲ್ಲ. ಎರಡೂ ಕಡೆಯಿಂದ ನಷ್ಟ.

ಮೆಲ್ಲಗೆ ಎಸೆದರೂ ನೆಟ್ಟಗೆ ಹೋಗುವ ಡಿಸ್ಕುಗಳು ಬೇಕು. 2/3/0/1ರ ಏವಿಯಾರ್ ತರಹದ ಪಟ್ಟರ್ (ಬುಟ್ಟಿಗೆ ಹಾಕಲು ಬಳಸುವ ನಿಧಾನದ ಡಿಸ್ಕ್) ಎರಡು, 5/4/-1/1ರ ಬಝ್ ತರಹದ ಮಿಡ್‌ರೇಂಜ್ (ಮಧ್ಯಮ ದೂರದ್ದು) ಒಂದು, 6/5/-2/1ರ ಲೆಪರ್ಡ್ ತರಹದ ಫೇರ್‌ವೇ ಡ್ರೈವರ್ (ಕಡಿಮೆ ವೇಗದ ಡ್ರೈವರ್) ಒಂದು, ಮೂಲೆ ತಿರುಗಿಸಲು 9/3/0/4ರ ಫೈರ್‌ಬರ್ಡ್ ತರಹದ್ದು ಇನ್ನೊಂದು. ಹೆಸರು ಮುಖ್ಯವಲ್ಲ, ಅಂಕಿಗಳ ಹತ್ತಿರವಿದ್ದರೆ ಯಾವುದಾದರೂ ಆದೀತು. ನನ್ನನ್ನು ಕೇಳಿದರೆ 80 ಮೀಟರಿಗಿಂತ ಚಿಕ್ಕದಾದ ಹೋಲುಗಳಲ್ಲಿ ಟೀಯಿಂದಲೂ ಪಟ್ಟರ್ ಅಥವಾ ಮಿಡ್‌ರೇಂಜ್ ಬಿಟ್ಟು ಬೇರೆಯದನ್ನು ಮುಟ್ಟಬಾರದು. ಇನ್ನೊಂದು ಲಾಭವೂ ಉಂಟು: ನಿಧಾನಗತಿಯ ಡಿಸ್ಕ್ ಮರಕ್ಕೆ ಬಡಿದರೆ ಹೆಚ್ಚಾಗಿ ಬುಡದ ಆಸುಪಾಸಿನಲ್ಲೇ ಬೀಳುತ್ತದೆ. ವೇಗದ ಡ್ರೈವರ್ ಓರೆಯಾಗಿ ತಾಗಿದರೆ ಪಕ್ಕದ ಪೊದೆಯೊಳಕ್ಕೆ ನುಗ್ಗುತ್ತದೆ.

ಪ್ಲಾಸ್ಟಿಕ್ಕನ್ನೂ ನೋಡಿ ಕೊಳ್ಳಿ. ಅಗ್ಗದ ಮೃದು ಪ್ಲಾಸ್ಟಿಕ್ ಮರಗಳಿಗೆ ಬಡಿದು ಬಡಿದು ಅಂಚು ಸವೆದ ಮೇಲೆ, ಮೊದಲು ನೆಟ್ಟಗೆ ಹೋಗುತ್ತಿದ್ದ ಡಿಸ್ಕ್ ಬಲಕ್ಕೆ ಹೊರಳಲು ಶುರುವಾಗುತ್ತದೆ. ಗಟ್ಟಿ ಪ್ಲಾಸ್ಟಿಕ್ ಹೆಚ್ಚು ಕಾಲ ತನ್ನ ಗುಣ ಉಳಿಸಿಕೊಳ್ಳುತ್ತದೆ. ಬಣ್ಣದ ವಿಷಯದಲ್ಲಿ ಹಟ ಬೇಡ. ಹಸಿರು ಎಷ್ಟೇ ಚಂದ ಕಂಡರೂ ಪೊದೆಯಲ್ಲಿ ಅದು ಮಾಯ. ಎಲೆ ಉದುರುವ ಕಾಲದಲ್ಲಿ ಹಳದಿ, ಕೆಂಪು, ಕಿತ್ತಳೆಗಳದೂ ಅದೇ ಪಾಡು. ಕಣ್ಣಿಗೆ ರಾಚುವ ಗುಲಾಬಿ ಎಲ್ಲ ಋತುವಿನಲ್ಲೂ ಸಿಕ್ಕುತ್ತದೆ.

ಟೀ ಮೇಲೆ ನಿಂತು ನೋಡುವುದು

ಹೊಸ ಹೋಲ್ ಆದರೆ ಎಸೆಯುವ ಮೊದಲು ಫೇರ್‌ವೇ ಉದ್ದಕ್ಕೂ ನಡೆದು ಬನ್ನಿ. ಬುಟ್ಟಿಯ ಬಳಿ ನಿಂತು ಹಿಂತಿರುಗಿ ನೋಡಿದರೆ, ಎಲ್ಲಿಗೆ ಬಂದು ನಿಂತರೆ ಮುಂದಿನ ಎಸೆತ ಸುಲಭ ಎಂಬುದು ಟೀಯಿಂದ ಕಾಣುವುದಕ್ಕಿಂತ ಚೆನ್ನಾಗಿ ಕಾಣುತ್ತದೆ. ಆ ಜಾಗವನ್ನು ಗುರುತಿಟ್ಟುಕೊಳ್ಳಿ. ಟೀಯಿಂದ ಬುಟ್ಟಿಯೇ ಕಾಣದ ಹೋಲುಗಳಲ್ಲಿ ಬುಟ್ಟಿಯನ್ನು ಗುರಿ ಮಾಡಿಕೊಳ್ಳುವುದಕ್ಕೆ ಅರ್ಥವಿಲ್ಲ, ಆ ಜಾಗವೇ ನಿಮ್ಮ ಬುಟ್ಟಿ.

ಈಗ ಮರಳಿ ಟೀಗೆ ಬಂದು ಹತ್ತಿರದ ಮರಗಳನ್ನು ನೋಡಿ. ಇಲ್ಲಿ ಸಣ್ಣದೊಂದು ಲೆಕ್ಕ ಕೆಲಸಕ್ಕೆ ಬರುತ್ತದೆ. ಎರಡು ಕಾಂಡಗಳ ನಡುವೆ 3 ಮೀಟರ್ ಸಂದು ಇದೆ ಎನ್ನಿ. ನಡುಮಧ್ಯಕ್ಕೆ ಗುರಿಯಿಟ್ಟರೆ ಪ್ರತಿ ಬದಿಗೂ ಒಂದೂವರೆ ಮೀಟರ್ ಸಿಗುತ್ತದೆ. ಡಿಸ್ಕಿನ ಅಡ್ಡಳತೆ ಸುಮಾರು 21 ಸೆಂಟಿಮೀಟರ್, ಅದರ ಅರ್ಧ ಕಳೆದರೆ 1.4 ಮೀಟರ್ ಉಳಿಯಿತು. ಆ ಸಂದು 10 ಮೀಟರ್ ದೂರದಲ್ಲಿದ್ದರೆ ನಿಮ್ಮ ಕೈ ಎರಡೂ ಬದಿಗೆ 8 ಡಿಗ್ರಿಯಷ್ಟು ತಪ್ಪಬಹುದು. 20 ಮೀಟರಿನಲ್ಲಿದ್ದರೆ 4 ಡಿಗ್ರಿ. 40 ಮೀಟರಿನಲ್ಲಿದ್ದರೆ ಬರೀ 2.

ಇದರಿಂದ ಎರಡು ಮಾತು ಹೊರಡುತ್ತವೆ. ಹತ್ತಿರದ ಸಂದು ಕಣ್ಣಿಗೆ ಹೆದರಿಕೆ ಹುಟ್ಟಿಸಿದರೂ ನಿಜಕ್ಕೂ ಅಷ್ಟು ಕಿರಿದಲ್ಲ. ದೂರದ ಸಂದು ಎಷ್ಟೇ ಆಹ್ವಾನಿಸಿದರೂ ಅದನ್ನು ದಾಟುವುದರಲ್ಲಿ ನಿಮ್ಮ ಕೌಶಲದಷ್ಟೇ ಅದೃಷ್ಟದ ಪಾಲೂ ಇದೆ. ಹಾಗಾಗಿ ಜಾಡನ್ನು ಆರಿಸುವಾಗ ಮೊದಲ 20 ಮೀಟರಿನಲ್ಲಿ ಅತಿ ಅಗಲ ಎಲ್ಲಿದೆ ಎಂದು ಹುಡುಕಿ. ದೂರದಲ್ಲಿ ಮರಕ್ಕೆ ತಾಗಿದರೂ ಡಿಸ್ಕ್ ಅಷ್ಟು ದೂರ ಬಂದಿರುತ್ತದೆ. ಹತ್ತು ಮೀಟರಿನಲ್ಲಿ ತಾಗಿದರೆ ಎಸೆತ ಲೆಕ್ಕಕ್ಕೆ ಸೇರುತ್ತದೆ, ನೀವು ಮಾತ್ರ ಹೊರಟಲ್ಲೇ ಇರುತ್ತೀರಿ.

ಟೀ ಕಟ್ಟೆಯ ಅಗಲವನ್ನು ಬಳಸದೆ ಬಿಡುವವರೇ ಹೆಚ್ಚು. ಎಲ್ಲರೂ ಅಭ್ಯಾಸಬಲದಿಂದ ಮಧ್ಯದಲ್ಲಿ ನಿಲ್ಲುತ್ತಾರೆ. ಇಡೀ ಹೋಲಿನಲ್ಲಿ ಎಲ್ಲಿಂದ ಎಸೆಯಬೇಕು ಎಂಬುದನ್ನು ನೀವೇ ಆರಿಸಬಹುದಾದ ಜಾಗ ಅದೊಂದೇ. ಡಿಸ್ಕ್ ಕೈಬಿಡುವಾಗ ಕಾಲು ಕಟ್ಟೆಯೊಳಗಿದ್ದರೆ ಸಾಕು. ಎಡ ಅಂಚಿಗೆ ಒಂದು ಹೆಜ್ಜೆ ಸರಿದಾಗ ಎರಡು ಕಾಂಡಗಳು ಒಂದರ ಹಿಂದೆ ಒಂದು ಅಡಗಿ, ನಡುವೆ ಇದ್ದಕ್ಕಿದ್ದಂತೆ ದಾರಿ ತೆರೆದುಕೊಳ್ಳುವುದುಂಟು. ಒಮ್ಮೆ ಎಡ ಮೂಲೆ, ಒಮ್ಮೆ ಬಲ ಮೂಲೆ, ಎರಡೂ ಕಡೆ ನಿಂತು ನೋಡಿಯೇ ನಿರ್ಧರಿಸಿ.

ಕೊನೆಯದಾಗಿ ತಲೆಯೆತ್ತಿ ನೋಡಿ. ಕಾಂಡಗಳನ್ನು ಎಣಿಸುತ್ತಾ ನಿಂತವರಿಗೆ ಮೇಲಿನ ಕೊಂಬೆ ಮರೆತೇಹೋಗುತ್ತದೆ. ಮೂರು ಮೀಟರ್ ಎತ್ತರದಲ್ಲಿ ಅಡ್ಡ ಚಾಚಿದ ಒಂದೇ ಒಂದು ರೆಂಬೆ ಎಷ್ಟೋ ಒಳ್ಳೆಯ ಎಸೆತಗಳನ್ನು ನುಂಗುತ್ತದೆ.

ಎಸೆತ

ನೋಟವನ್ನು ಸಂದಿನ ಮೇಲಿಡಿ, ಮರದ ಮೇಲಲ್ಲ. ಸಂದಿನಾಚೆ ದೂರದಲ್ಲಿ ಒಂದು ಗುರುತು ಹಿಡಿಯಿರಿ: ತೊಗಟೆ ಸುಲಿದ ಜಾಗ, ಬಿಸಿಲು ಬಿದ್ದ ಎಲೆಗೊಂಚಲು, ಏನಾದರೂ ಸರಿ. ಡಿಸ್ಕ್ ಅದರ ಕಡೆಗೆ ಹೊರಡಲಿ.

ಓಟವನ್ನು ಎರಡು ಹೆಜ್ಜೆಗೆ ಇಳಿಸಿ, ಅಥವಾ ನಿಂತಲ್ಲಿಂದಲೇ ಎಸೆಯಿರಿ. ಓಡಿಬಂದಷ್ಟೂ ಕೈಬಿಡುವ ಗಳಿಗೆ ಹಿಂದುಮುಂದಾಗುತ್ತದೆ, ಗಳಿಗೆ ತಪ್ಪಿದರೆ ದಿಕ್ಕು ತಪ್ಪುತ್ತದೆ. ಮುಕ್ಕಾಲು ಬಲ ಸಾಕು. ಡಿಸ್ಕಿನ ಮುಂದಿನ ಅಂಚು ಮೇಲಕ್ಕೆ ಎದ್ದಿರದಂತೆ ನೋಡಿಕೊಳ್ಳಿ. ಎದ್ದರೆ ಡಿಸ್ಕ್ ಮೇಲೇರಿ ಕೊಂಬೆಗೆ ಸಿಕ್ಕುತ್ತದೆ, ಇಲ್ಲವೇ ಬೇಗ ಬಸವಳಿದು ಎಡಕ್ಕೆ ಬಾಗುತ್ತದೆ. ಹಸ್ತ ಸೊಂಟದಿಂದ ಎದೆಯ ನಡುವಿನ ಎತ್ತರದಲ್ಲಿ ಮಟ್ಟವಾಗಿ ಸಾಗಲಿ.

ನೇರ ಸುರಂಗದಂಥ ಹೋಲಿಗೆ ಎರಡು ದಾರಿಗಳಿವೆ. ಪಟ್ಟರ್ ಅಥವಾ ಮಿಡ್‌ರೇಂಜನ್ನು ಮಟ್ಟವಾಗಿ ಎಸೆಯುವುದು ಸುಲಭದ್ದು. ಇನ್ನೊಂದು, ಹೊರಳುವ ಗುಣವಿರುವ ಡಿಸ್ಕನ್ನು ಹೈಝರ್ ಕೋನದಲ್ಲಿ, ಅಂದರೆ ಹೊರ ಅಂಚು ಸ್ವಲ್ಪ ಕೆಳಗಿರುವಂತೆ ಎಸೆಯುವುದು. ವೇಗದ ಹೊತ್ತಿನಲ್ಲಿ ಅದು ತಾನಾಗಿ ಮಟ್ಟಕ್ಕೆ ಎದ್ದು ಉದ್ದಕ್ಕೂ ನೆಟ್ಟಗೆ ಸಾಗುತ್ತದೆ. ದೂರ ಹೆಚ್ಚು ಬರುತ್ತದೆ, ಆದರೆ ಬಲದಲ್ಲಿ ಸ್ವಲ್ಪ ಏರುಪೇರಾದರೂ ಒಮ್ಮೆ ಏಳುವುದಿಲ್ಲ, ಇನ್ನೊಮ್ಮೆ ಪೂರ್ತಿ ಮಗುಚಿಕೊಳ್ಳುತ್ತದೆ. ಬಯಲಿನಲ್ಲಿ ಕೈ ಕುದುರಿದ ಮೇಲೆ ಮಾತ್ರ ಕಾಡಿಗೆ ತನ್ನಿ.

ಹೋಲ್ ಎಡಕ್ಕೆ ತಿರುಗಿದರೆ ಬ್ಯಾಕ್‌ಹ್ಯಾಂಡ್ ಹೈಝರ್. ಬಲಕ್ಕೆ ತಿರುಗಿದರೆ ಬ್ಯಾಕ್‌ಹ್ಯಾಂಡಿನಲ್ಲಿ ಆನ್‌ಹೈಝರ್ (ಹೊರ ಅಂಚು ಮೇಲಿರುವಂತೆ) ಎಸೆದು ಡಿಸ್ಕನ್ನು ಬಲವಂತವಾಗಿ ಬಾಗಿಸುವುದಕ್ಕಿಂತ ಫೋರ್‌ಹ್ಯಾಂಡ್ (ಮೈಯ ಬಲಬದಿಯಿಂದ, ಅಂಗೈ ಮುಂದಾಗಿ) ಎಸೆಯುವುದು ನಂಬಿಕೆಯದು, ಏಕೆಂದರೆ ಅದರ ಕೊನೆಯ ಬಾಗು ಸಹಜವಾಗಿಯೇ ಬಲಕ್ಕೆ. ಕಾಡಿನಲ್ಲಿ ಆಡುವವರು ಫೋರ್‌ಹ್ಯಾಂಡ್ ಕಲಿಯದೆ ಉಳಿಯುವುದು ಒಂದು ಕಾಲಿನಲ್ಲಿ ಹೋಲ್ ಮುಗಿಸಲು ಹೊರಟಂತೆ. ನೆಲದ ಮೇಲೆ ಉರುಳಿಸುವ ರೋಲರ್ ಬೇರುಗಳಿರುವ ನೆಲದಲ್ಲಿ ಎತ್ತ ಹೋಗುತ್ತದೋ ಹೇಳಲಾಗದು. ತಲೆಯ ಮೇಲಿನಿಂದ ಎಸೆಯುವ ಟೊಮಾಹಾಕ್‌ಗೆ ಮೇಲೆ ಆಕಾಶ ತೆರೆದಿರಬೇಕು.

ಎಸೆದ ಕೂಡಲೇ ಬೆನ್ನು ತಿರುಗಿಸಬೇಡಿ. ಡಿಸ್ಕ್ ಕಣ್ಮರೆಯಾದ ಮರವನ್ನು ಗುರುತು ಮಾಡಿ, ಬಡಿದ ಸದ್ದು ಕೇಳಿ, ನೋಟ ಕೀಳದೆ ಅತ್ತ ನಡೆಯಿರಿ. ಗುಂಪಿನಲ್ಲಿ ಒಬ್ಬರು ಮುಂದೆ ಹೋಗಿ ಮರದ ಮರೆಯಲ್ಲಿ ನಿಂತು ನೋಡಿದರೆ ಅರ್ಧ ಹುಡುಕಾಟ ತಪ್ಪುತ್ತದೆ. ತರಗೆಲೆ ದಟ್ಟವಾಗಿದ್ದರೆ ಡಿಸ್ಕ್ ಎಲೆಗಳ ಅಡಿಗೇ ಜಾರಿ ಹುದುಗುತ್ತದೆ. ಕಣ್ಣಿಗಿಂತ ಕಾಲಿನಿಂದ ಎಲೆ ಸರಿಸಿ ಹುಡುಕುವುದು ಅಲ್ಲಿ ಮೇಲು. ಹುಡುಕಲು ನಿಯಮ ಕೊಡುವ ಸಮಯ 3 ನಿಮಿಷ. ಸಿಗದಿದ್ದರೆ ಒಂದು ದಂಡ ಎಸೆತ ಸೇರಿಸಿ ಹಿಂದಿನ ಜಾಗಕ್ಕೇ ಮರಳಬೇಕು. ಸಿಗುವುದು ಅನುಮಾನ ಎನಿಸಿದರೆ ಗುಂಪಿಗೆ ತಿಳಿಸಿ, ಹೊರಡುವ ಮೊದಲೇ ತಾತ್ಕಾಲಿಕ ಎಸೆತವೊಂದನ್ನು (ಡಿಸ್ಕ್ ಸಿಗದಿದ್ದರೆ ಮಾತ್ರ ಲೆಕ್ಕಕ್ಕೆ ಬರುವಂಥದ್ದು) ಎಸೆದಿಟ್ಟರೆ ಈ ಓಡಾಟ ತಪ್ಪುತ್ತದೆ.

ಪೊದೆಯೊಳಗೆ ಬಿದ್ದ ಮೇಲೆ

ಸ್ಕೋರ್ ನಿಜವಾಗಿ ಕೆಡುವುದು ಇಲ್ಲಿ. ಮೊದಲ ಎಸೆತ ಮರಕ್ಕೆ ಬಡಿದಿದ್ದಕ್ಕೆ ಒಂದು ಎಸೆತ ಹೋಯಿತು, ಅಷ್ಟೇ. ಎರಡನೆಯದರಲ್ಲಿ ಸಿಟ್ಟು ತೀರಿಸಿಕೊಳ್ಳಲು ಹೊರಟರೆ ಮೂರು ಹೋಗುತ್ತವೆ.

ನೀವು ನಿಂತಿರುವ ಕಡೆಯಿಂದ ಬುಟ್ಟಿಗೆ ಒಂದು ಕಿಂಡಿ ಕಾಣುತ್ತಿದೆ, ನಡುವೆ ಐದು ಮರಗಳು ಎಂದುಕೊಳ್ಳಿ. ಒಂದೊಂದನ್ನೂ ತಪ್ಪಿಸುವ ಸಾಧ್ಯತೆ ಶೇ. 80 ಎಂದರೂ ಐದನ್ನೂ ತಪ್ಪಿಸುವ ಸಾಧ್ಯತೆ ಶೇ. 33 ಮಾತ್ರ. ಈಗ ಎರಡು ದಾರಿ ತೂಗಿ ನೋಡೋಣ. ಪಕ್ಕಕ್ಕೆ ಮೆಲ್ಲಗೆ ಎಸೆದು ಫೇರ್‌ವೇಗೆ ಬಂದರೆ ಅದೊಂದು, ಬುಟ್ಟಿಯ ಬಳಿಗೆ ಇನ್ನೊಂದು, ಒಳಗೆ ಹಾಕಲು ಮತ್ತೊಂದು, ಒಟ್ಟು ಮೂರು. ಕಿಂಡಿಗೆ ಎಸೆದು ದಾಟಿದರೆ ಎರಡರಲ್ಲಿ ಮುಗಿಯುತ್ತದೆ. ದಾಟದಿದ್ದರೆ ಅದೇ ಪೊದೆಯಲ್ಲಿ ನಿಂತು ಮತ್ತೆ ಮೂರು, ಅಂದರೆ ನಾಲ್ಕು. ಈ ಲೆಕ್ಕದಲ್ಲಿ ಕಿಂಡಿ ಲಾಭ ತರಬೇಕಾದರೆ ಎರಡಕ್ಕೆ ಒಂದು ಸಲಕ್ಕಿಂತ ಹೆಚ್ಚು ದಾಟಬೇಕು. ಮೂರಕ್ಕೆ ಒಂದು ಸಲ ದಾಟುವ ಕಿಂಡಿಗೆ ಎಸೆಯುವವರು ಸರಾಸರಿಯಲ್ಲಿ ಸೋಲುತ್ತಲೇ ಇರುತ್ತಾರೆ, ಆದರೆ ಆ ಒಂದು ಸಲದ ನೆನಪೇ ಅವರಲ್ಲಿ ಗಟ್ಟಿಯಾಗಿ ಉಳಿಯುತ್ತದೆ.

ಪೊದೆಯಿಂದ ಎಸೆಯುವಾಗ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಮುಂದಿನ ಎಸೆತಕ್ಕೆ ಬುಟ್ಟಿ ಬಯಲಾಗಿ ಕಾಣುವ ಹತ್ತಿರದ ಜಾಗ ಯಾವುದು? ಅದು ಪಕ್ಕದಲ್ಲಿರಲಿ, ಹತ್ತು ಮೀಟರ್ ಹಿಂದಿರಲಿ, ಅಲ್ಲಿಗೇ ಎಸೆಯಿರಿ.

ನಿಲ್ಲುವುದರಲ್ಲೂ ಜಾಣತನಕ್ಕೆ ಜಾಗವಿದೆ. ಡಿಸ್ಕಿನ ಹಿಂದೆ, ಬುಟ್ಟಿಯ ನೇರಕ್ಕೆ, 20 ಸೆಂಟಿಮೀಟರ್ ಅಗಲ, 30 ಸೆಂಟಿಮೀಟರ್ ಉದ್ದದ ಆಯತವೇ ನಿಮ್ಮ ಜಾಗ. ಡಿಸ್ಕ್ ಕೈಬಿಡುವಾಗ ಒಂದು ಕಾಲು ಅದರೊಳಗೆ ತಾಗಿರಬೇಕು. ಇನ್ನೊಂದು ಕಾಲು ಬುಟ್ಟಿಗೆ ಹತ್ತಿರವಾಗದಂತೆ ಎಷ್ಟು ದೂರವಾದರೂ ಚಾಚಿರಬಹುದು. ಎಡಗಾಲನ್ನು ಆಯತದಲ್ಲಿಟ್ಟು ಬಲಗಾಲನ್ನು ಪಕ್ಕಕ್ಕೆ ಅಗಲವಾಗಿ ಚಾಚಿ ಮೈ ವಾಲಿಸಿದರೆ, ನೆಟ್ಟಗೆ ನಿಂತಾಗ ಮೂಗಿಗೆ ಅಡ್ಡವಾಗಿದ್ದ ಕಾಂಡ ಪಕ್ಕಕ್ಕೆ ಸರಿದಂತಾಗಿ ಡಿಸ್ಕ್ ಹಿಡಿದ ಕೈಯೆದುರು ತೆರಪು ಕಾಣುತ್ತದೆ. ಕೊಂಬೆ ತೀರಾ ಕೆಳಗಿದ್ದರೆ ಮೊಣಕಾಲೂರಿ ಎಸೆಯಿರಿ, ಅದಕ್ಕೂ ಅಡ್ಡಿಯಿಲ್ಲ. ಬ್ಯಾಕ್‌ಹ್ಯಾಂಡಿಗೆ ಕೈ ಹಿಂದೆಳೆಯಲು ಮರ ಬಿಡದಿದ್ದರೆ ಫೋರ್‌ಹ್ಯಾಂಡಿಗೆ ಸ್ವಲ್ಪವೇ ಜಾಗ ಸಾಕು. ಎಸೆಯುವ ಮೊದಲು ಡಿಸ್ಕ್ ಹಿಡಿದೇ ಕೈಯನ್ನು ನಿಧಾನವಾಗಿ ಒಂದೆರಡು ಬಾರಿ ಬೀಸಿ, ಬೆರಳಿನ ಗೆಣ್ಣು ಎಲ್ಲಿ ತೊಗಟೆಗೆ ಸವರುತ್ತದೆ ನೋಡಿಕೊಳ್ಳಿ. ಗೆಣ್ಣು ಜೋರಾಗಿ ಬಡಿದರೆ ಆ ದಿನದ ಆಟ ಮುಗಿದಂತೆಯೇ.

ಕೊಂಬೆ ಮುರಿಯುವುದು, ಬಗ್ಗಿಸಿ ಕಾಲಡಿಗೆ ಹಾಕಿಕೊಳ್ಳುವುದು ನಿಯಮಕ್ಕೂ ವಿರುದ್ಧ, ಮರ್ಯಾದೆಗೂ ವಿರುದ್ಧ. ಬೆಳೆದ ಗಿಡಮರಗಳು ಆದಷ್ಟು ಕಡಿಮೆ ಅಲುಗುವಂತೆ ನಿಲ್ಲಬೇಕು. ಕಾಲಿಡುವ ಜಾಗದಲ್ಲಿ ಉದುರಿಬಿದ್ದ ಎಲೆ, ಕಡ್ಡಿಗಳನ್ನು ಸರಿಸಬಹುದು. ದೊಡ್ಡ ಮರದ ಬೊಡ್ಡೆಯೇ ಡಿಸ್ಕಿನ ಹಿಂದಿದ್ದು ನಿಲ್ಲಲಾಗದಿದ್ದರೆ, ಬುಟ್ಟಿಯ ನೇರದಲ್ಲೇ ಆ ಮರದ ಬೆನ್ನಿಗೆ ಜಾಗ ಗುರುತಿಸಿಕೊಳ್ಳಬಹುದು, ದಂಡವಿಲ್ಲ. ಮುಳ್ಳುಪೊದೆಯಲ್ಲಿ ನಿಲ್ಲಲು ಮನಸ್ಸಿಲ್ಲದಿದ್ದರೆ, ಒಂದು ದಂಡ ಎಸೆತ ಒಪ್ಪಿಕೊಂಡು ಬುಟ್ಟಿಯ ನೇರದಲ್ಲಿ ಹಿಂದಕ್ಕೆ ಸರಿಯಬಹುದು. ಅದೇ ಒಂದು ದಂಡಕ್ಕೆ ಇನ್ನೊಂದು ದಾರಿಯೂ ಇದೆ: ಆ ಎಸೆತವನ್ನೇ ಕೈಬಿಟ್ಟು ಹಿಂದಿನ ಜಾಗದಿಂದ ಮತ್ತೆ ಎಸೆಯುವುದು. ಹತ್ತು ಮೀಟರಿನ ಮರಕ್ಕೆ ಬಡಿದು ಡಿಸ್ಕ್ ಕಮರಿಗೆ ಬಿದ್ದಾಗ ಇದೇ ಅಗ್ಗ.

ಡಿಸ್ಕ್ ಮರದಲ್ಲೇ ಸಿಕ್ಕಿಕೊಂಡರೆ ಅದರ ನೇರ ಕೆಳಗಿನ ನೆಲವೇ ನಿಮ್ಮ ಜಾಗ. 2 ಮೀಟರಿಗಿಂತ ಮೇಲೆ ಸಿಕ್ಕಿದರೆ ದಂಡ ಎಂಬ ನಿಯಮ, ಸ್ಪರ್ಧೆಯ ನಿರ್ದೇಶಕರು ಮೊದಲೇ ಘೋಷಿಸಿದ್ದರೆ ಮಾತ್ರ ಅನ್ವಯ. ಕೆಲವು ಮರಗಳ ಮೇಲೆ ಬಾಣದ ಗುರುತಿರುತ್ತದೆ. ಬಾಣ ತೋರಿಸಿದ ಬದಿಯಿಂದಲೇ ಡಿಸ್ಕ್ ಹಾಯಬೇಕು, ತಪ್ಪಿದರೆ ಒಂದು ದಂಡ.

ಬುಟ್ಟಿಯ ಬಳಿ

ಬುಟ್ಟಿಯಿಂದ 10 ಮೀಟರಿನೊಳಗೆ ಎಸೆದ ಮೇಲೆ ಮುಂದಕ್ಕೆ ಮುಗ್ಗರಿಸುವಂತಿಲ್ಲ, ನಿಂತಲ್ಲೇ ಸಮತೋಲ ತೋರಿಸಿ ಆಮೇಲೆ ಮುಂದೆ ಹೆಜ್ಜೆ ಇಡಬೇಕು. ಬೇರು, ತೇವದ ಎಲೆಗಳ ಮೇಲೆ ಇದು ಅಂದುಕೊಂಡಷ್ಟು ಸುಲಭವಲ್ಲ. ಎರಡೂ ಕಾಲು ಅಗಲಿಸಿ ನಿಂತು ಹಾಕುವ ಭಂಗಿಯನ್ನು ರೂಢಿಸಿಕೊಂಡರೆ ಮರದ ಪಕ್ಕದಿಂದ ಇಣುಕಿ ಹಾಕಲೂ ಅದೇ ನೆರವಾಗುತ್ತದೆ. ಬುಟ್ಟಿ ಇಳಿಜಾರಿನ ಅಂಚಿನಲ್ಲಿದ್ದರೆ ತಪ್ಪಿದ ಡಿಸ್ಕ್ ಅಂಚಿನ ಮೇಲೆ ಬಿದ್ದು ಚಕ್ರದಂತೆ ಉರುಳಿಹೋಗುತ್ತದೆ. ಹತ್ತು ಮೀಟರಿನಾಚೆ ಇಂಥ ಕಡೆ ಬುಟ್ಟಿಯ ಮುಂದೆಯೇ ಮೆತ್ತಗೆ ಇಳಿಸಿ, ಮುಂದಿನದರಲ್ಲಿ ಹಾಕುವುದು ವಿವೇಕ.

ಮೈ, ಕಾಲು, ಇತರರು

ಬೇರುಗಳಿಗೆ ಹಿಡಿತವಿರುವ ಶೂ, ಉದ್ದ ಪ್ಯಾಂಟು, ಒರೆಸಲು ಎರಡು ಬಟ್ಟೆ. ಒದ್ದೆ ಡಿಸ್ಕ್ ಬೆರಳಿನಿಂದ ಜಾರಿದರೆ ದಿಕ್ಕಿನ ಲೆಕ್ಕವೆಲ್ಲ ವ್ಯರ್ಥ. ಉಣ್ಣೆಹುಳುಗಳಿರುವ ಪ್ರದೇಶವಾದರೆ ಆಟ ಮುಗಿದ ಮೇಲೆ ಮೊಣಕಾಲಿನ ಹಿಂಭಾಗ, ಸೊಂಟಪಟ್ಟಿಯ ಅಡಿ ನೋಡಿಕೊಳ್ಳಬೇಕು. ಪೊದೆಯೊಳಗೆ ಕೈ ಹಾಕುವ ಮೊದಲು ಕೋಲಿನಿಂದ ತಡವಿ. ಜೋರು ಗಾಳಿಯ ದಿನ ಒಣಗಿದ ಕೊಂಬೆಗಳ ಕೆಳಗೆ ನಿಲ್ಲಬೇಡಿ. ಮುಂದಿನ ಗುಂಪು ಕಾಣುತ್ತಿಲ್ಲ ಎಂದರೆ ಅವರು ಹೋಗಿದ್ದಾರೆ ಎಂದು ಅರ್ಥವಲ್ಲ. ಕೂಗಿ, ಉತ್ತರ ಬಂದ ಮೇಲೆ ಎಸೆಯಿರಿ.

ಅಭ್ಯಾಸ

ಬಯಲಿನಲ್ಲಿ ಎರಡು ಕೋಲುಗಳನ್ನು 3 ಮೀಟರ್ ಅಂತರದಲ್ಲಿ ನೆಟ್ಟು, 10 ಮೀಟರ್ ಹಿಂದಿನಿಂದ ಪಟ್ಟರನ್ನು ಅದರ ನಡುವೆ ಎಸೆಯಿರಿ. ಹತ್ತಕ್ಕೆ ಒಂಬತ್ತು ದಾಟಿದ ಮೇಲೆ 15 ಮೀಟರಿಗೆ, ಆಮೇಲೆ 20 ಮೀಟರಿಗೆ ಹಿಂದೆ ಸರಿಯಿರಿ. ದೂರ ಅಳೆಯಬೇಡಿ, ದಾಟಿತೇ ಇಲ್ಲವೇ ಎಂಬುದಷ್ಟನ್ನೇ ಬರೆದಿಡಿ. ಅದೇ ಕೋಲುಗಳಿಗೆ ಫೋರ್‌ಹ್ಯಾಂಡಿನಲ್ಲೂ, ಮೊಣಕಾಲೂರಿಯೂ ಎಸೆದು ನೋಡಿ. ಮೂರೂ ಬಗೆಯಲ್ಲಿ ಎಷ್ಟೆಷ್ಟು ದಾಟುತ್ತವೆ ಎಂದು ಗೊತ್ತಾದರೆ, ಪೊದೆಯಲ್ಲಿ ನಿಂತು ಕಿಂಡಿಗೆ ಎಸೆಯಲೋ ಪಕ್ಕಕ್ಕೆ ಎಸೆಯಲೋ ಎಂದು ತೂಗುವಾಗ ಹಾಕಬೇಕಾದ ಶೇಕಡಾವಾರು ನಿಮ್ಮದೇ ಆಗಿರುತ್ತದೆ.